ಹುಳಿ ಮಣ್ಣು, ಮೈಲುತುತ್ತ ಮತ್ತು ಬ್ಯಾಕ್ಟೀರಿಯಾ: ತೀರ್ಥಹಳ್ಳಿಯ ಸದಸ್ಯರ ಪ್ರಶ್ನೆಗೆ ಉತ್ತರ

ನಮ್ಮ ಬಳಗದ ತೀರ್ಥಹಳ್ಳಿಯ ಸದಸ್ಯರು ಎರಡು ವಿಷಯ ಕೇಳಿದ್ದಾರೆ. ಕೊಳೆ ರೋಗಕ್ಕಾಗಿ ಅಜ್ಜನ ಕಾಲದಿಂದ ಬೋರ್ಡೋ ದ್ರಾವಣ (ಮೈಲುತುತ್ತ ಎಂಬ ತಾಮ್ರದ ಲವಣಕ್ಕೆ ಸುಣ್ಣ ಬೆರೆಸಿದ್ದು) ಹೊಡೆಯುತ್ತಿರುವ, ರಸಸಾರ (pH) 4.7ಕ್ಕೆ ಇಳಿದು ಹುಳಿಯಾಗಿರುವ ತಮ್ಮ ಅಡಿಕೆ ತೋಟದಲ್ಲಿ ಜೀವಾಣು ಗೊಬ್ಬರದ ಬ್ಯಾಕ್ಟೀರಿಯಾಗಳು ಬದುಕುತ್ತವೆಯೇ ಎಂಬುದು ಒಂದು. ಗಣಿಗಳ ಆಮ್ಲದ ನೀರಿನಲ್ಲಿ ತಾಮ್ರವನ್ನು ತಾಳಿಕೊಂಡು ಬಾಳುವ ಬ್ಯಾಕ್ಟೀರಿಯಾಗಳನ್ನೇ ತಂದು ತೋಟಕ್ಕೆ ಬಿಡಬಾರದೇಕೆ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಅರ್ಥವಾದರೆ ತೋಟದ ಮಾತು ಸುಲಭವಾಗುತ್ತದೆ.

ಗಣಿ ನೀರಿನ ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಆಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್. 1947ರಲ್ಲಿ ಕಾಲ್ಮರ್ ಮತ್ತು ಹಿಂಕಲ್ ಎಂಬ ವಿಜ್ಞಾನಿಗಳು ಅಮೆರಿಕದ ಕಲ್ಲಿದ್ದಲು ಗಣಿಗಳಿಂದ ಹರಿಯುವ ಆಮ್ಲದ ನೀರಿನಲ್ಲಿ ಇದರ ಕೆಲಸವನ್ನು ಗುರುತಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಎ. ನಟರಾಜನ್ ಅವರು ಇಂತಹ ಬ್ಯಾಕ್ಟೀರಿಯಾಗಳಿಂದ ಅದಿರಿನ ಲೋಹ ಬಿಡಿಸುವ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದ್ದಾರೆ. ಇದರ ಕೆಲವು ತಳಿಗಳು ಲೀಟರಿಗೆ ಸುಮಾರು 50 ಗ್ರಾಂ ತಾಮ್ರ ಕರಗಿರುವ ದ್ರವದಲ್ಲೂ ಬದುಕಬಲ್ಲವು. ನಾವು ಹೊಡೆಯುವ ಶೇಕಡಾ 1ರ ಬೋರ್ಡೋದಲ್ಲಿ ಲೀಟರಿಗೆ 10 ಗ್ರಾಂ ಮೈಲುತುತ್ತವಿದ್ದು, ಅದರಲ್ಲಿ ತಾಮ್ರದ ಪಾಲು ಎರಡೂವರೆ ಗ್ರಾಂ ಮಾತ್ರ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಜೀವಿಯ ಶಕ್ತಿ ಎಷ್ಟೆಂದು ತಿಳಿಯುತ್ತದೆ.

ಈ ಶಕ್ತಿಯ ಗುಟ್ಟು ಒಂದೇ ಅಲ್ಲ. ಸುತ್ತಲಿನ ನೀರಿನ ರಸಸಾರ 2 ಇದ್ದರೂ ಇದರ ಕೋಶದ ಒಳಗೆ ಅದು 6.5ರ ಆಸುಪಾಸಿನಲ್ಲೇ ಇರುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾಗಳ ಕೋಶಪೊರೆಯ ಒಳಬದಿ ಋಣ ವಿದ್ಯುದಂಶದ್ದಾಗಿರುವುದರಿಂದ ಧನ ಅಯಾನು (ವಿದ್ಯುದಂಶ ಹೊತ್ತ ಕಣ) ಆದ ತಾಮ್ರ ತಾನಾಗಿ ಒಳಕ್ಕೆ ಸೆಳೆಯಲ್ಪಡುತ್ತದೆ. ಇದಾದರೋ ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಕೂಡಿಟ್ಟುಕೊಂಡು ಒಳಬದಿಯನ್ನೇ ಧನವಾಗಿಸಿಕೊಳ್ಳುವುದರಿಂದ ಆಮ್ಲದ ಪ್ರೋಟಾನುಗಳೂ ತಾಮ್ರದ ಅಯಾನುಗಳೂ ಬಾಗಿಲಲ್ಲೇ ತಡೆಯಲ್ಪಡುತ್ತವೆ. ಹಾಗೂ ನುಸುಳಿದ ತಾಮ್ರವನ್ನು ಪೊರೆಯಲ್ಲಿರುವ ಪ್ರೋಟೀನುಗಳ ಪಂಪುಗಳು ಹೊರದೂಡುತ್ತವೆ. ಇದಲ್ಲದೆ ಕೋಶದೊಳಗೆ ಪಾಲಿಫಾಸ್ಫೇಟ್ ಎಂಬ ರಂಜಕದ ಸರಪಳಿಗಳ ದಾಸ್ತಾನಿರುತ್ತದೆ. ತಾಮ್ರ ಹೆಚ್ಚಾದಾಗ ಆ ಸರಪಳಿ ತುಂಡಾಗಿ, ಬಿಡುಗಡೆಯಾದ ಫಾಸ್ಫೇಟ್ ತಾಮ್ರವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ ಎಂಬ ವಿವರಣೆಯನ್ನು ಚಿಲಿ ದೇಶದ ಸಂಶೋಧಕರು ಮುಂದಿಟ್ಟಿದ್ದಾರೆ. ಒಳಗೆ ತಾಮ್ರ ಉಳಿದರೆ ಆಗುವ ಹಾನಿ ದೊಡ್ಡದು. ಕಬ್ಬಿಣ ಮತ್ತು ಗಂಧಕ ಸೇರಿ ಆದ ಕಿಣ್ವಗಳ ತಿರುಳಿನಿಂದ ಅದು ಕಬ್ಬಿಣವನ್ನು ಕಿತ್ತು ತಾನು ಕೂರುತ್ತದೆ, ಕಿಣ್ವ ಕೆಲಸ ನಿಲ್ಲಿಸುತ್ತದೆ.

ಆದರೆ ಗಮನಿಸಬೇಕಾದ ಮಾತೆಂದರೆ, ತಾಮ್ರ ಮೂಲವಸ್ತು. ಅದನ್ನು ಯಾವ ಜೀವಿಯೂ ಜೀರ್ಣಿಸಿ ಇಲ್ಲವಾಗಿಸಲಾರದು. ಪಂಪು ಮಾಡುವುದು ತನ್ನ ಕೋಶದಿಂದ ಹೊರಗೆ ಹಾಕುವುದನ್ನಷ್ಟೇ. ಹೊರಗೆ ಎಂದರೆ ನಿಮ್ಮ ಮಣ್ಣು. ಪಾದರಸವನ್ನು ಆವಿಯಾಗಿಸಿ ಕಳುಹಿಸಬಲ್ಲ ಬ್ಯಾಕ್ಟೀರಿಯಾಗಳಿವೆ, ತಾಮ್ರಕ್ಕೆ ಅಂತಹ ದಾರಿಯಿಲ್ಲ. ಮೇಲಾಗಿ ಗಣಿಯ ಈ ಜೀವಿ ಕಬ್ಬಿಣ ಮತ್ತು ಗಂಧಕವನ್ನು ಉರಿಸಿ ಬದುಕುತ್ತದೆ, ಗಂಧಕದಿಂದ ಸಲ್ಫ್ಯೂರಿಕ್ ಆಮ್ಲ ತಯಾರಿಸುತ್ತದೆ. ಹುಳಿ ಹೆಚ್ಚಾಗಿ ಸೊರಗಿರುವ ತೋಟಕ್ಕೆ ಇದನ್ನು ತರುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ.

ಈಗ ತೋಟಕ್ಕೆ ಬರೋಣ. ನಿಮ್ಮ ಮಣ್ಣಿನ ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲೂ ತಾಮ್ರದ ಪಂಪುಗಳಿವೆ, ಅದನ್ನು ಪತ್ತೆ ಹಚ್ಚುವ ಪ್ರೋಟೀನುಗಳಿವೆ. ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಈ ಪತ್ತೆ ವ್ಯವಸ್ಥೆ ಎಷ್ಟು ಸೂಕ್ಷ್ಮವೆಂದರೆ, ಇಡೀ ಕೋಶದಲ್ಲಿ ಬಿಡಿಯಾದ ಒಂದೇ ಒಂದು ತಾಮ್ರದ ಪರಮಾಣುವನ್ನೂ ಅದು ಇರಗೊಡುವುದಿಲ್ಲ. ಇಷ್ಟೆಲ್ಲ ಕಾವಲಿಗೆ ಶಕ್ತಿ ಬೇಕು. ತೂತು ದೋಣಿಯಿಂದ ನೀರು ಮೊಗೆದು ಹಾಕುತ್ತಿರುವವನಿಗೆ ಹುಟ್ಟು ಹಾಕಲು ಕೈ ಬಿಡುವಾಗುವುದಿಲ್ಲ. ಹಾಗೆಯೇ ತಾಮ್ರ ಹೊರದೂಡುವುದರಲ್ಲೇ ತೊಡಗಿರುವ ಬ್ಯಾಕ್ಟೀರಿಯಾಕ್ಕೆ ನಮ್ಮ ಗಿಡಕ್ಕಾಗಿ ಗಾಳಿಯ ಸಾರಜನಕವನ್ನು ಹಿಡಿದು ಕಟ್ಟಿಕೊಡುವಷ್ಟು ಶಕ್ತಿ ಉಳಿಯುವುದು ಕಷ್ಟ.

ಆದ್ದರಿಂದ ಬದುಕುತ್ತವೆಯೇ ಎಂಬ ಪ್ರಶ್ನೆಗಿಂತ ಕೆಲಸ ಮಾಡುತ್ತವೆಯೇ ಎಂಬ ಪ್ರಶ್ನೆ ಮುಖ್ಯ ಎಂದು ನಾನು ಭಾವಿಸುತ್ತೇನೆ. ಇಂಗ್ಲೆಂಡಿನ ವೋಬರ್ನ್‌ನಲ್ಲಿ 1942ರಿಂದ 1961ರವರೆಗೆ ಚರಂಡಿ ಕೆಸರು ಹಾಕಿದ ಪ್ರಯೋಗದ ತಾಕುಗಳಲ್ಲಿ ಸತು, ತಾಮ್ರ, ಕ್ಯಾಡ್ಮಿಯಂ ಮುಂತಾದವು ಸೇರಿಕೊಂಡವು. ಮುಂದೆ ಅಲ್ಲಿ ಬಿಳಿ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡ ಬೆಳೆಸಿದಾಗ ಬೇರಿನಲ್ಲಿ ಗಂಟುಗಳೇನೋ ಬಂದವು, ಸಾರಜನಕ ಮಾತ್ರ ಸಿಗಲಿಲ್ಲ. ಬೇರುಗಂಟಿನಲ್ಲಿದ್ದು ಸಾರಜನಕ ಕಟ್ಟಬೇಕಾದ ರೈಜೋಬಿಯಂ ಬ್ಯಾಕ್ಟೀರಿಯಾದಲ್ಲಿ ಲೋಹವನ್ನು ತಾಳಿ ಉಳಿದಿದ್ದ ತಳಿ ಗಂಟು ಕಟ್ಟುತ್ತಿತ್ತೇ ಹೊರತು ಪ್ರಯೋಜನಕ್ಕೆ ಬರುತ್ತಿರಲಿಲ್ಲ. ರೋಗಾಣುಗಳ ವಿಷಯದಲ್ಲಿ ಇದು ಇನ್ನೂ ಕೆಟ್ಟದು. ತಾಮ್ರ ಸಿಂಪಡಿಸುತ್ತ ಬಂದ ಟೊಮೆಟೊ ಹೊಲಗಳ ಸ್ಯೂಡೋಮೋನಾಸ್ ಸಿರಿಂಗೆ ಎಂಬ ರೋಗಾಣುವಿನಲ್ಲಿ ತಾಮ್ರ ತಾಳುವ ಜೀನುಗಳು ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್ಎ ಉಂಗುರದ ಮೇಲೆ ಸಿಕ್ಕಿವೆ, ಅಂದರೆ ಅವು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ತಾಮ್ರ ಬೆರೆಸಿದ ಅಗರ್ (ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಲೋಳೆ) ಮೇಲೆ ಬೆಳೆದಾಗ ಇವುಗಳ ಗುಂಪುಗಳು ತಾಮ್ರ ತುಂಬಿಕೊಂಡು ನೀಲಿಯಾಗುತ್ತವೆ.

ಇದನ್ನೆಲ್ಲ ಓದಿ ಬೋರ್ಡೋ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆ ರೋಗಕ್ಕೆ ಇದನ್ನು ತೋರಿಸಿಕೊಟ್ಟದ್ದರಿಂದ ಮಲೆನಾಡಿನ ಎಷ್ಟೋ ತೋಟಗಳು ಉಳಿದವು. ಸರಿಪಡಿಸಬೇಕಾದದ್ದು ಮಣ್ಣಿನ ಹುಳಿಯನ್ನು. ರಸಸಾರ ಇಳಿದಂತೆ ಮಣ್ಣಿಗೆ ಅಂಟಿಕೊಂಡಿದ್ದ ತಾಮ್ರ ಬಿಡಿ ಅಯಾನಾಗಿ ನೀರಿಗೆ ಇಳಿಯುತ್ತದೆ, 5.5ಕ್ಕಿಂತ ಕೆಳಗೆ ಅಲ್ಯೂಮಿನಿಯಂ ಕೂಡ ಜೊತೆಗೂಡುತ್ತದೆ. ಮಣ್ಣು ಪರೀಕ್ಷಾ ಕೇಂದ್ರದವರು ಹೇಳಿದಷ್ಟು ಸುಣ್ಣ ಹಾಕಿ. ಒಂದೇ ಸಲಕ್ಕೆ ಅತಿಯಾಗಿ ಸುರಿದರೆ ಸತು, ಬೋರಾನ್ ಸಿಗದಂತಾಗುತ್ತದೆ. ಕೊಟ್ಟಿಗೆ ಗೊಬ್ಬರ ಮತ್ತು ಸೊಪ್ಪು ತಪ್ಪಿಸಬೇಡಿ, ತಾಮ್ರವನ್ನು ಬಿಗಿಯಾಗಿ ಹಿಡಿದಿಡುವುದರಲ್ಲಿ ಸಾವಯವ ಅಂಶಕ್ಕೆ ಸಮನಾದದ್ದು ಕಡಿಮೆ. ಜೀವಾಣು ಗೊಬ್ಬರವನ್ನು ಸುಣ್ಣದ ಜೊತೆಗಾಗಲಿ ಬೋರ್ಡೋ ಹೊಡೆದ ಬೆನ್ನಿಗಾಗಲಿ ಹಾಕದೆ, ಎರಡು ಮೂರು ವಾರ ಬಿಟ್ಟು ಗೊಬ್ಬರದಲ್ಲಿ ಬೆರೆಸಿ ಕೊಡಿ. ದ್ರಾವಣ ತಯಾರಿಸುವಾಗ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ; ಅಲಗಿಗೆ ಕೆಂಪು ಲೇಪ ಕೂತರೆ ಬಿಡಿ ತಾಮ್ರ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ.

ಜೀವಾಣು ಗೊಬ್ಬರದ ಕಲ್ಚರ್ ಪ್ಯಾಕೆಟ್ಟಿಗೆ ಹಣ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳಿ. ಒಂದು ಕುಂಡಕ್ಕೆ ಅಡಿಕೆ ಮರದ ಬುಡದ ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣಿಗೆ ಸುಣ್ಣ ಬೆರೆಸಿದ್ದು, ಮೂರನೆಯದಕ್ಕೆ ಎಂದೂ ಮೈಲುತುತ್ತ ಬೀಳದ ಸೊಪ್ಪಿನ ಬೆಟ್ಟದ ಮಣ್ಣು ತುಂಬಿ, ಮೂರರಲ್ಲೂ ಅಲಸಂದೆ ಬಿತ್ತಿ. ಹೂ ಬರುವ ಹೊತ್ತಿಗೆ ಬೇರು ತುಂಡಾಗದಂತೆ ಕಿತ್ತು ತೊಳೆದು, ಬೇರುಗಂಟುಗಳನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣವಿದ್ದರೆ ಅವು ಸಾರಜನಕ ಕಟ್ಟುತ್ತಿವೆ. ಬಿಳಿಚಿಕೊಂಡಿದ್ದರೆ ಅಥವಾ ಹಸಿರಾಗಿದ್ದರೆ ಕಟ್ಟುತ್ತಿಲ್ಲ. ಸುಣ್ಣ ಬೆರೆಸಿದ ಕುಂಡದಲ್ಲಿ ಮಾತ್ರ ಗಂಟುಗಳು ಕೆಂಪಾದರೆ ನಿಮಗೆ ಮೊದಲು ಬೇಕಿರುವುದು ಸುಣ್ಣ, ಪ್ಯಾಕೆಟ್ ಅಲ್ಲ. ಮೂರೂ ಕುಂಡಗಳ ಬೇರಿನ ಚಿತ್ರಗಳನ್ನು ಮಣ್ಣು ಪರೀಕ್ಷೆಯ ವರದಿಯೊಂದಿಗೆ ಇಲ್ಲಿ ಹಾಕಿ. ಸುಣ್ಣದ ಪ್ರಮಾಣ ಮತ್ತು ಯಾವ ಕಲ್ಚರ್ ಎಂಬುದನ್ನು ಅದನ್ನು ನೋಡಿಕೊಂಡು ಚರ್ಚಿಸೋಣ.