ಇಂಗ್ಲಿಷ್‌ನಲ್ಲಿ ಹೂ, ಹೂಮ್, ವಿಚ್, ದಟ್: ಯಾವುದನ್ನು ಎಲ್ಲಿ ಬಳಸಬೇಕು?

ವ್ಯಕ್ತಿಗೆ ಹೂ, ವಸ್ತುವಿಗೆ ವಿಚ್. ಇಷ್ಟು ಸುಲಭ. ಹೆಚ್ಚಿನವರು ಎಡವುವುದು ಹೂ, ಹೂಮ್ ನಡುವೆ. ಆ ಪದದ ಮುಂದಿನ ತುಂಡನ್ನಷ್ಟೇ ತೆಗೆದುಕೊಂಡು ಅದರೊಳಗೆ 'ಹೀ' ಅಥವಾ 'ಹಿಮ್' ಸೇರಿಸಿ ನೋಡಿ. 'ದ ಮ್ಯಾನ್ ___ ಐ ಮೆಟ್' ಎಂಬಲ್ಲಿ 'ಐ ಮೆಟ್ ಹಿಮ್' ಆಗುತ್ತದೆ, ಹಾಗಾಗಿ ಹೂಮ್. 'ದ ಮ್ಯಾನ್ ___ ಐ ಥಿಂಕ್ ಸ್ಟೋಲ್ ಇಟ್' ಎಂಬಲ್ಲಿ 'ಐ ಥಿಂಕ್ ಹೀ ಸ್ಟೋಲ್ ಇಟ್', ಹಾಗಾಗಿ ಹೂ. ನಡುವೆ ನುಸುಳಿದ 'ಐ ಥಿಂಕ್' ನೋಡಿ ಓದಿಕೊಂಡವರೂ ಇಲ್ಲಿ ಹೂಮ್ ಬರೆದುಬಿಡುತ್ತಾರೆ. ಮಾತಿನಲ್ಲಿ ಹೂಮ್ ಬದಲು ಹೂ ಧಾರಾಳವಾಗಿ ನಡೆಯುತ್ತದೆ. ಆದರೆ ಟು, ವಿತ್, ಫಾರ್ ಆದ ಕೂಡಲೇ ಬಂದರೆ ಹೂಮ್ ಎಂದೇ ಬರೆಯಿರಿ.

ದಟ್ ವ್ಯಕ್ತಿಗೂ ವಸ್ತುವಿಗೂ ಸಲ್ಲುತ್ತದೆ. ಆದರೆ ಅಲ್ಪವಿರಾಮ ಹಾಕಿ ಹೆಚ್ಚುವರಿ ಮಾಹಿತಿ ಕೊಡುವಾಗ ಬೇಡ: 'ಮೈ ಫಾದರ್, ಹೂ ಈಸ್ ಎಯ್ಟಿ, ಸ್ಟಿಲ್ ವರ್ಕ್ಸ್'. ಅಪ್ಪ ಯಾರೆಂದು ಮೊದಲೇ ಗೊತ್ತು, ವಯಸ್ಸು ಬರೀ ಸೇರಿಕೆ.

'ಯಾರ' ಎಂಬರ್ಥದ ಹೂಸ್ (whose) ವಸ್ತುಗಳಿಗೂ ಬರುತ್ತದೆ: 'ಎ ಹೌಸ್ ಹೂಸ್ ರೂಫ್ ಲೀಕ್ಸ್' ಸರಿಯಾದ ಪ್ರಯೋಗವೇ.

ಇನ್ನೊಂದು, 'ದ ಬುಕ್ ವಿಚ್ ಐ ಬಾಟ್ ಇಟ್' ಎನ್ನಬೇಡಿ. 'ಇಟ್' ಮಾಡಬೇಕಾದ ಕೆಲಸವನ್ನು ವಿಚ್ ಆಗಲೇ ಮಾಡಿದೆ.