ಬಿಸಿಲಿರುವಾಗ ರೇಡಿಯೇಟರ್ ಉಗುರುಬೆಚ್ಚಗಾಗುವುದೇಕೆ?

ಮ್ಯೂನಿಕ್‌ನ ಬಾಡಿಗೆ ಮನೆಯಲ್ಲಿ ಥರ್ಮೋಸ್ಟಾಟನ್ನು ಅತಿ ಹೆಚ್ಚಿನ ಅಂಕಿಯಾದ 5ಕ್ಕೆ ತಿರುಗಿಸಿದರೂ ಬಿಸಿಲಿರುವ ಮಧ್ಯಾಹ್ನಗಳಲ್ಲಿ ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರ್ ಉಗುರುಬೆಚ್ಚಗಷ್ಟೇ ಇದ್ದು ಕೋಣೆ ತಣ್ಣಗಾಗುತ್ತದೆ, ಅದು ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಬಹುಶಃ ಕೆಟ್ಟಿರಲಾರದು. ಜರ್ಮನಿಯ ಇಂತಹ ಕಟ್ಟಡಗಳಲ್ಲಿ ಸಾಮಾನ್ಯವಾಗಿ ನೀರು ಕಾಯಿಸುವ ಬಾಯ್ಲರ್ ನಿಮ್ಮ ಕೋಣೆಯನ್ನು ಗಮನಿಸುವುದಿಲ್ಲ. ಹೊರಗೋಡೆಯ ಮೇಲಿನ ಸೆನ್ಸರ್ ಅಳೆದ ಉಷ್ಣತೆಗೆ ತಕ್ಕಂತೆ, ‘ಹೈಟ್ಸ್‌ಕುರ್ವೆ’ ಎಂಬ ರೇಖೆಯನ್ನು ಅನುಸರಿಸಿ, ರೇಡಿಯೇಟರುಗಳಿಗೆ ಹರಿಯುವ ನೀರು ಎಷ್ಟು ಬಿಸಿಯಿರಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಹೊರಗೆ ಮೈನಸ್ 10 ಡಿಗ್ರಿ ಇದ್ದಾಗ 60 ಡಿಗ್ರಿಯ ನೀರು ಬೇಕಾಗುವ ಮನೆಗೆ, ಹೊರಗೆ 10 ಡಿಗ್ರಿ ಇರುವಾಗ 40 ಡಿಗ್ರಿಯ ನೀರೇ ಸಾಕಾಗಬಹುದು. ನೀವು ತಿರುಗಿಸುವ ಗುಂಡಿ ನೀರಿನ ಹರಿವನ್ನು ಹೆಚ್ಚು ಕಡಿಮೆ ಮಾಡೀತೇ ಹೊರತು ಅದರ ಬಿಸಿಯನ್ನಲ್ಲ.

ಬಿಸಿಲಿದ್ದಾಗ ಮಾತ್ರ ತೊಂದರೆ ಎಂದಿರುವುದರಿಂದ ನನಗೆ ಸೆನ್ಸರಿನ ಮೇಲೆಯೇ ಅನುಮಾನ. ಉತ್ತರದ ಗೋಡೆಯಲ್ಲಿ ನೆರಳಿನಲ್ಲಿರಬೇಕಾದ ಅದು ಬಿಸಿಲು ಬೀಳುವ ಕಡೆ ಇದ್ದರೆ, ಗಾಳಿಯ ನಿಜವಾದ ಉಷ್ಣತೆಗಿಂತ ಹೆಚ್ಚನ್ನು ತೋರಿಸಿ ಬಾಯ್ಲರನ್ನು ದಾರಿ ತಪ್ಪಿಸುತ್ತದೆ. ಅದನ್ನು ಪರಿಶೀಲಿಸುವಂತೆ ಕಟ್ಟಡದ ನಿರ್ವಾಹಕರಿಗೆ ಬರೆಯಿರಿ, ಜೊತೆಗೆ ಒಂದು ವಾರ ಕಾಲ ಕೋಣೆಯ ಮತ್ತು ಹೊರಗಿನ ಉಷ್ಣತೆಯನ್ನು ಗಂಟೆಸಮೇತ ಗುರುತು ಹಾಕಿ ಕಳುಹಿಸಿ. ಮೋಡವಿದ್ದ ದಿನವೂ ಕೋಣೆ ತಣ್ಣಗಿದ್ದರೆ ಸರಿಪಡಿಸಬೇಕಾದದ್ದು ರೇಖೆಯನ್ನು: ಕೊರೆಯುವ ಚಳಿಯಲ್ಲಷ್ಟೇ ಸಾಲದಾದರೆ ಅದರ ಇಳಿಜಾರನ್ನು, ಅಂದರೆ ಚಳಿ ಹೆಚ್ಚಿದಂತೆ ನೀರಿನ ಬಿಸಿ ಏರುವ ಪ್ರಮಾಣವನ್ನು, ಹೆಚ್ಚಿಸಬೇಕು, ಎಲ್ಲ ಹವೆಯಲ್ಲೂ ಸಾಲದಾದರೆ ಇಡೀ ರೇಖೆಯನ್ನೇ ಮೇಲಕ್ಕೆ ಸರಿಸಬೇಕು.