ನಿಮ್ಮ ಟಾಗೋರ್ ಲೇಖನದ ಬಗ್ಗೆ

ನಮಸ್ಕಾರ.

‘ಟಾಗೋರ್ ಮತ್ತು ರಾಷ್ಟ್ರೀಯತೆ’ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಕಾರಣ ಹೇಳದೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ. ಸ್ವಲ್ಪ ನೇರವಾಗಿಯೇ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ.

ಲೇಖನದಲ್ಲಿ ‘ವಿಶ್ವಮಾನವ’ ಅನ್ನುವ ಪದ ಹದಿನಾಲ್ಕು ಸಲ ಬರುತ್ತದೆ. ಪೆನ್ಸಿಲ್ ಹಿಡಿದು ಎಣಿಸಿದೆ. ‘ಸ್ವದೇಶಿ’ ಒಂದೇ ಸಲ. ತೊಂದರೆ ಇರುವುದು ಇಲ್ಲೇ. ನಿಮ್ಮ ಟಾಗೋರ್ ಹುಟ್ಟುವಾಗಲೇ ಬಿಳಿ ಗಡ್ಡ ಬಿಟ್ಟುಕೊಂಡು ಬಂದವರ ಹಾಗಿದ್ದಾರೆ. ಅವರು ಹಾಗಿರಲಿಲ್ಲ. 1905ರಲ್ಲಿ ವೈಸ್‌ರಾಯ್ ಕರ್ಜನ್ ಬಂಗಾಳವನ್ನು ಒಡೆದಾಗ ಅವರೂ ಬೀದಿಗಿಳಿದರು. ಅಕ್ಟೋಬರ್ 16ರಂದು ಹಿಂದೂಗಳೂ ಮುಸ್ಲಿಮರೂ ಒಬ್ಬರಿಗೊಬ್ಬರು ರಾಖಿ ಕಟ್ಟಲಿ ಎಂದು ಕರೆಕೊಟ್ಟರು. ಹಾಡು ಬರೆದರು. ಅವುಗಳಲ್ಲೊಂದು ಈಗ ಬಾಂಗ್ಲಾದೇಶದ ರಾಷ್ಟ್ರಗೀತೆ. ಒಂದೆರಡು ವರ್ಷಗಳಲ್ಲೇ ಅದೇ ಸ್ವದೇಶಿ ಚಳವಳಿಯಿಂದ ದೂರ ಸರಿದರು. ಯಾಕೆ ಸರಿದರು? ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಆ ಚಳವಳಿಯ ಕಾಲದ ಕಥೆ ಹೇಳುವ ಅವರ ‘ಘರೇ ಬೈರೆ’ ಕಾದಂಬರಿಯ ಹೆಸರನ್ನೇನೋ ಹೇಳಿದ್ದೀರಿ. ಒಳಗೆ ಹೋಗಿಲ್ಲ. ಅದರಲ್ಲಿ ಪಂಚು ಅಂತ ಒಬ್ಬ ಬಡ ರೈತ ಬರುತ್ತಾನೆ. ಹೊಟ್ಟೆಪಾಡಿಗೆ ಪರದೇಶಿ ಬಟ್ಟೆ ಮಾರುತ್ತಿರುತ್ತಾನೆ. ಜಮೀನ್ದಾರ ಅವನಿಗೆ ದಂಡ ಹಾಕಿ, ಬಟ್ಟೆ ಸುಡು ಅನ್ನುತ್ತಾನೆ. ಪಂಚು ತಡೆಯಲಾರದೆ ಬಾಯಿಬಿಡುತ್ತಾನೆ: ನನ್ನ ಕೈಲಾಗಲ್ಲ, ನೀವು ದುಡ್ಡಿರೋರು, ನೀವೇ ಕೊಂಡು ಸುಡಬಾರದಾ? ಅದಕ್ಕೆ ಅವನಿಗೆ ಚಪ್ಪಲಿ ಏಟು. ಬಟ್ಟೆಗೆ ಬೆಂಕಿ ಬೀಳುವಾಗ ಸುತ್ತ ‘ವಂದೇ ಮಾತರಂ’ ಘೋಷಣೆ. ರಾಷ್ಟ್ರೀಯತೆಯ ಮೇಲೆ ಟಾಗೋರರಿಗಿದ್ದ ಅನುಮಾನವೆಲ್ಲ ಈ ಬೆಂಕಿಯ ಮುಂದೆ ನಿಂತಿದೆ. ನಿಮ್ಮ ಮೊದಲ ಮೂರು ಪುಟ ತೆಗೆದು ಪಂಚುವನ್ನು ತನ್ನಿ.

ಇನ್ನು ಪದಗಳ ವಿಷಯ. ನಿಮ್ಮದೇ ಸಾಲು ನೋಡಿ: ‘ಟಾಗೋರರಿಗೆ ದೇಶಕ್ಕಿಂತ ಮನುಷ್ಯ ದೊಡ್ಡವನು, ಆದ್ದರಿಂದ ಅವರು ರಾಷ್ಟ್ರವನ್ನು ಒಪ್ಪಲಿಲ್ಲ.’ ಈ ‘ಆದ್ದರಿಂದ’ ನಿಲ್ಲುವುದಿಲ್ಲ. ದೇಶ, ರಾಷ್ಟ್ರ, ನಾಡು ಮೂರನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಅವರು ಹಾಗೆ ಮಾಡಲಿಲ್ಲ. 1901ರಲ್ಲೇ ‘ನೇಷನ್ ಅಂದರೆ ಏನು’ ಅಂತ ಪ್ರಬಂಧ ಬರೆದರು. ಬಂಗಾಳಿಯಲ್ಲಿ ಇದಕ್ಕೆ ಸರಿಯಾದ ಪದ ಇಲ್ಲ ಎಂದು ‘ನೇಷನ್’ ಅನ್ನೇ ಇಟ್ಟುಕೊಂಡರು. ಕವಿ ಒಬ್ಬರು ಅನುವಾದ ಮಾಡಲು ಒಪ್ಪದ ಪದ ಅದು! ಅವರು ಹೇಳುವ ನೇಷನ್ ಅಂದರೆ ಊರಲ್ಲ, ಭಾಷೆಯಲ್ಲ, ಹೊಳೆಯಲ್ಲ. ಇಡೀ ಜನ ಲಾಭಕ್ಕೆ, ಬಲಕ್ಕೆ ಅಂತ ಯಂತ್ರದ ಹಾಗೆ ಜೋಡಿಸಿಕೊಂಡಾಗ ತಾಳುವ ರೂಪ. ಇಂಗ್ಲಿಷ್ ಜನರ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಆ ಯಂತ್ರದ ಮೇಲಿತ್ತು. ಹಾಗಂತ ಬ್ರಿಟಿಷರ ಮುಂದೆ ತಲೆ ಬಾಗಿಸಿದವರೂ ಅಲ್ಲ. ಜಲಿಯನ್‌ವಾಲಾ ಬಾಗ್ ಆದಮೇಲೆ 1919ರಲ್ಲಿ ‘ಸರ್’ ಪದವಿ ಬೇಡ ಅಂದರು. ನಾನಾಗಿದ್ದರೆ ‘ನೇಷನ್’ ಪದವನ್ನು ಕನ್ನಡದಲ್ಲೂ ಹಾಗೇ ಬಿಡುತ್ತಿದ್ದೆ. ಒಂದು ಸಾಲಿನಲ್ಲಿ ಕಾರಣ ಹೇಳಿದರೆ ಸಾಕು.

ನಿಮ್ಮ ಟಾಗೋರ್ ಪಶ್ಚಿಮವನ್ನು ಮಾತ್ರ ಬೈಯುತ್ತಾರೆ. ಇದು ನಮಗೆಲ್ಲ ಹಿತವಾದ ಟಾಗೋರ್, ಅಲ್ವಾ? ಆದರೆ 1916ರಲ್ಲಿ ಅವರು ನೇಷನ್ ವಿರುದ್ಧದ ಈ ಮಾತು ಹೇಳಿದ್ದು ಮೊದಲು ಜಪಾನಿನಲ್ಲಿ, ಅತಿಥಿಯಾಗಿ ಹೋಗಿ, ಆತಿಥ್ಯ ಕೊಟ್ಟವರ ಎದುರಲ್ಲೇ. ಬಂದಾಗ ಸೇರಿದ್ದ ಜನಜಂಗುಳಿ ಹೊರಡುವಾಗ ಇರಲಿಲ್ಲ. ಸೋತ ದೇಶದ ಕವಿ ಅಂತ ಅಲ್ಲಿ ಕೆಲವರು ಹಂಗಿಸಿದರು. 1917ರಲ್ಲಿ ಪುಸ್ತಕವಾದ ಆ ಉಪನ್ಯಾಸಗಳಲ್ಲಿ ಭಾರತದ ಬಗ್ಗೆಯೂ ಒಂದು ಭಾಗ ಇದೆ. ನಮ್ಮ ನಿಜವಾದ ಸಮಸ್ಯೆ ರಾಜಕೀಯದ್ದಲ್ಲ, ಸಮಾಜದ್ದು ಅನ್ನುತ್ತಾರೆ. ಪಕ್ಕದವನು ಬೇರೆ ಊಟ ಮಾಡುತ್ತಾನೆ ಅನ್ನುವಷ್ಟಕ್ಕೇ ಅವನ ಬದುಕನ್ನು ಭಾರ ಮಾಡುವ ಚಾಳಿ ನಾಳೆ ನಮ್ಮ ರಾಜಕೀಯಕ್ಕೂ ಬರುತ್ತದೆ ಎಂಬ ಎಚ್ಚರಿಕೆ ಅಲ್ಲೇ ಇದೆ. ಅದನ್ನು ಯಾಕೆ ಬಿಟ್ಟಿರಿ? ಓದಿಲ್ಲವೋ, ಓದಿ ಹೆದರಿದಿರೋ? ಓದಿಲ್ಲದಿದ್ದರೆ ಓದಿ. ಹೆದರಿದ್ದರೆ ಫೋನ್ ಮಾಡಿ, ಮಾತಾಡೋಣ.

ಗಾಂಧೀಜಿ ಭಾಗಕ್ಕೆ ‘ಜಗಳ’ ಅನ್ನುವ ಉಪಶೀರ್ಷಿಕೆ ಬೇಡ. 1921ರಲ್ಲಿ ಚರಕದ ಬಗ್ಗೆ, ಬಟ್ಟೆ ಸುಡುವ ಬಗ್ಗೆ ಟಾಗೋರ್ ಆಕ್ಷೇಪ ಎತ್ತಿದರು. ಗಾಂಧಿ ಖಡಕ್ಕಾಗಿ ಉತ್ತರ ಕೊಟ್ಟರು, ಜೊತೆಗೆ ಅವರನ್ನು ದೊಡ್ಡ ಕಾವಲುಗಾರ ಅಂತಲೂ ಕರೆದರು. ಜಗಳ ಆಡುವವರು ಹೀಗೆ ಕರೆಯುತ್ತಾರಾ?

ಕೊನೆಯ ಪುಟದ ಉಲ್ಲೇಖ ಎಲ್ಲಿಂದ ತಂದಿರಿ? ನನಗೂ ಅದು ವಾಟ್ಸಾಪ್‌ನಲ್ಲಿ ಬಂದಿದೆ, ಗುಲಾಬಿ ಹೂವಿನ ಚಿತ್ರದ ಜೊತೆ. ಯಾವ ಪುಸ್ತಕ, ಯಾವ ಪುಟ ಅಂತ ಸಿಗದಿದ್ದರೆ ಹೊಡೆದುಹಾಕಿ.

ಕಾರವಾರದ ಪ್ಯಾರಾ ಮಾತ್ರ ಸೊಗಸಾಗಿದೆ. ಇಪ್ಪತ್ತೆರಡರ ಹುಡುಗ ಟಾಗೋರ್, ಜಡ್ಜ್ ಅಣ್ಣನ ಮನೆ, ಕಡಲು. ಆದರೆ ಅದಕ್ಕೂ ನೇಷನ್ನಿಗೂ ಸಂಬಂಧ ಇಲ್ಲ. ಕನ್ನಡದ ಓದುಗರು ಅಂತ ಸುಮ್ನೆ ತುರುಕಿದ ಹಾಗಿದೆ. ಅದನ್ನು ತೆಗೆದು, ಉಳಿದದ್ದನ್ನು ಸಾವಿರದ ಇನ್ನೂರು ಪದಕ್ಕೆ ಇಳಿಸಿ ಕಳಿಸಿ. ಕಾರವಾರವನ್ನು ಬೇರೆಯಾಗಿ ನಾಲ್ಕು ನೂರು ಪದದಲ್ಲಿ ಬರೆದುಕೊಡಿ. ಅದನ್ನು ಮೊದಲು ಹಾಕುತ್ತೇನೆ.